ಎಸ್ತೇರಮ್ಮನ ದ್ರಾಕ್ಷಾರಸ

ಭಾನುವಾರ ಬಂತೆಂದರೆ ಪ್ರೇಮಕ್ಕನಿಗೆ ತಲೆಬಿಸಿ. ಕೊಪ್ಪದ ಅವರ ಸಣ್ಣ ಕ್ರೈಸ್ತ ಸಭೆಯಲ್ಲಿ ಆರಾಧನೆ ಮುಗಿದ ಮೇಲೆ ಪಾದ್ರಿ ಅಯ್ಯನವರಿಗೆ ಊಟ ಸಭಾ ಹಿರಿಯರ ಮನೆಯಲ್ಲಿ. ಅದು ಯಾವ ಕಾಲದಿಂದಲೋ ನಡೆದು ಬಂದದ್ದು. ಸಭಾ ಹಿರಿಯ ಎಂದರೆ ಅವಳ ಗಂಡ ಜಯಕರ. ಪಶುವೈದ್ಯಕೀಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ರಿಟೈರ್ ಆದವನು, ಬಹಳ ವರ್ಷದಿಂದ ಆ ಕುರ್ಚಿ ಬಿಟ್ಟವನಲ್ಲ. ಕುರ್ಚಿ ಅವನದು, ಅದಕ್ಕೆ ಬೇಯಿಸಿ ಹಾಕುವ ಕೆಲಸ ಇವಳದು. ಕೊನೆಯ ಕೀರ್ತನೆ ಶುರುವಾಗುತ್ತಿದ್ದಂತೆ ಸೆರಗು ಬಿಗಿದುಕೊಂಡು ಪಕ್ಕದ ಬಾಗಿಲಿನಿಂದ ಹೊರಟುಬಿಡಬೇಕು, ಇಲ್ಲದಿದ್ದರೆ ಕಡುಬು ಬಿಸಿಬಿಸಿಯಾಗಿ ಮೇಜಿಗೆ ಬರುವುದಿಲ್ಲ. ಕೊನೆಯ ಆಶೀರ್ವಾದವನ್ನು ಕೂತು ಕೇಳಿ ಎಷ್ಟು ಕಾಲವಾಯಿತೋ ಅವಳಿಗೇ ನೆನಪಿಲ್ಲ.

ಈ ವರ್ಷ ಆ ತಲೆಬಿಸಿಯ ಮೇಲೆ ಇನ್ನೊಂದು. ಅಯ್ಯನವರು ಮೇಜಿನಲ್ಲಿ ಕೂತು ಕಡುಬು ಮುರಿಯುವಾಗ ಗೋಡೆಯ ಆಚೆಗಿನ ಕೋಣೆಯಲ್ಲಿ ಜಯಕರನ ತಾಯಿ ಎಸ್ತೇರಮ್ಮ ಕದ ಹಾಕಿಕೊಂಡು ಕೂತಿರುತ್ತಿದ್ದರು. ಎಂಬತ್ತು ದಾಟಿದ ಆ ಮುದುಕಿಗೆ ಅಯ್ಯನವರು ಕರ್ತನ ಭೋಜನ ತಡೆದಿದ್ದರು. ತಿಂಗಳ ಮೊದಲ ಭಾನುವಾರ ಎಲ್ಲರೂ ಮುಂದೆ ಹೋಗಿ ಮೊಣಕಾಲೂರಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತೆಗೆದುಕೊಳ್ಳುವಾಗ ಎಸ್ತೇರಮ್ಮ ಹಿಂದಿನ ಬೆಂಚಿನಲ್ಲೇ ಕೂತಿರಬೇಕು. ಸಭೆಯ ಮುಂದೆ ನಿಂತು ಕ್ಷಮೆ ಕೇಳುವ ತನಕ ಅದೇ ಗತಿ.

ನಡೆದದ್ದು ಇಷ್ಟು. ಕ್ರಿಸ್ಮಸ್ ಕಳೆದ ಮೇಲೆ ಮೇಗುಂದದ ಹತ್ತಿರದ ಎಸ್ಟೇಟ್ ಕೂಲಿಯವರ ಲೈನ್ ಮನೆಯಲ್ಲಿರುವ ಗಿಡ್ಡಯ್ಯನ ಹೆಂಡತಿ ರಾಹೇಲ ತೀರಿಕೊಂಡಳು. ಶಿವಮೊಗ್ಗದ ಆಸ್ಪತ್ರೆಯಿಂದ ಹೆಣ ಮನೆಗೆ ಬರುವಾಗಲೇ ಒಂದು ದಿನ ಕಳೆದಿತ್ತು. ಮರುದಿನ ಬೆಳಿಗ್ಗೆ ಗುಂಡಿ ತೋಡಿ ಕಾದರು. ಅಯ್ಯನವರೂ ಜಯಕರನೂ ಶೃಂಗೇರಿಯಲ್ಲಿದ್ದರು. ಸಭೆಗೆ ಧಾರಾಳವಾಗಿ ಕೊಡುವ ಒಬ್ಬರು ಅಲ್ಲಿ ಹೊಸ ಲಾಡ್ಜ್ ಕಟ್ಟಿಸಿದ್ದರು, ಅದರ ಪ್ರಾರ್ಥನೆ, ಆಮೇಲೆ ಊಟ. ಫೋನ್ ಮಾಡಿದರೆ ಹೊರಟೆವು ಎಂದರು. ಇನ್ನೊಮ್ಮೆ ಮಾಡಿದರೆ ಊಟ ಮುಗಿಸಿ ಹೊರಟೆವು ಎಂದರು. ಹೂಳುವ ಜಾಗ ಕಾಡಿನ ಅಂಚು, ಸಂಜೆಯಾದರೆ ಆನೆ ಇಳಿಯುವ ಕಡೆ. ಬೆಳಿಗ್ಗೆಯೇ ಜೀಪು ಮಾಡಿಕೊಂಡು ಹೋಗಿ ಹೆಣದ ಪಕ್ಕ ಕೂತಿದ್ದ ಎಸ್ತೇರಮ್ಮ ಬಿಸಿಲು ಇಳಿಯುವ ಹೊತ್ತಿಗೆ ಎದ್ದರು, ಕನ್ನಡಕ ಏರಿಸಿದರು, ಪ್ರಾರ್ಥನೆ ಪುಸ್ತಕ ತೆಗೆದು ಹೂಳುವ ಪ್ರಾರ್ಥನೆಯನ್ನು ಮೊದಲಿಂದ ಕೊನೆಯ ತನಕ ಓದಿ ಮಣ್ಣು ಹಾಕಿದರು. ಅಯ್ಯನವರ ಕಾರು ಕೆಳಗಿನ ರಸ್ತೆಗೆ ಬಂದು ನಿಂತಾಗ ಗಿಡ್ಡಯ್ಯ ಗುಂಡಿ ಮುಚ್ಚಿ ಕೈ ತೊಳೆಯುತ್ತಿದ್ದ.

ಪಾದ್ರಿ ದೀಕ್ಷೆ ಇಲ್ಲದವರು, ಅದರಲ್ಲೂ ಹೆಂಗಸು, ಹೂಳುವ ಪ್ರಾರ್ಥನೆ ನಡೆಸಿದ್ದು ಸಭೆಯ ಕ್ರಮಕ್ಕೆ ವಿರೋಧ ಎಂದು ಮುಂದಿನ ವಾರವೇ ತೀರ್ಮಾನವಾಯಿತು. ತೀರ್ಮಾನ ಆದದ್ದೆಲ್ಲಿ? ಪ್ರೇಮಕ್ಕನ ಊಟದ ಮೇಜಿನಲ್ಲಿ. ಈಚೆ ಅಯ್ಯನವರು, ಆಚೆ ಜಯಕರ, ನಡುವೆ ಕೋಳಿ ಸಾರು. ಎರಡನೇ ಸಲ ಬಡಿಸಲು ಬಂದವಳು ಮಾತು ಕೇಳಿ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. ತನ್ನ ಸಾರು ಉಂಡುಕೊಂಡೇ ತನ್ನ ಅತ್ತೆಗೆ ಶಿಕ್ಷೆ ಹಾಕಿದರಲ್ಲ ಎಂಬ ಸಿಟ್ಟು ಅವಳಿಗೆ ಇನ್ನೂ ಆರಿರಲಿಲ್ಲ.

ಫೆಬ್ರವರಿ ಕೊನೆಗೆ ಅವಳ ಮಗ ಅರುಣ ನರಸಿಂಹರಾಜಪುರದಿಂದ ಒಂದು ಪೆಟ್ಟಿಗೆ ಕಪ್ಪು ದ್ರಾಕ್ಷಿ ತಂದಿಳಿಸಿದ. ಅಲ್ಲಿ ಅವನದೊಂದು ಕಂಪ್ಯೂಟರ್, ಸಿಸಿ ಕ್ಯಾಮೆರಾ ರಿಪೇರಿ ಅಂಗಡಿ. ದ್ರಾಕ್ಷಿ ಯಾರಿಗೆ ಎಂದು ಕೇಳಿದರೆ ಅಜ್ಜಿ ಹೇಳಿದ್ದು ಎಂದ. ಪ್ರೇಮಕ್ಕನಿಗೆ ಮೈಯೆಲ್ಲಾ ಉರಿದು ಹೋಯಿತು.

ಸಭೆಯ ಭೋಜನಕ್ಕೆ ದ್ರಾಕ್ಷಾರಸ ಮಾಡುವವರು ಎಸ್ತೇರಮ್ಮ. ಈ ಊರಿಗೆ ಸೊಸೆಯಾಗಿ ಬಂದ ವರ್ಷದಿಂದ ಆ ಕೆಲಸ ಅವರದೇ. ಹಣ್ಣು ತೊಳೆದು, ಬಟ್ಟೆಯ ಮೇಲೆ ಹರಡಿ ಒಣಗಿಸಿ, ಕೈಯಲ್ಲಿ ಹಿಚುಕಿ, ಸಕ್ಕರೆ, ಲವಂಗ ಹಾಕಿ ಭರಣಿಗೆ ತುಂಬಿ, ದಿನಾ ಮರದ ಸೌಟಿನಲ್ಲಿ ಕದಡಿ, ಕೊನೆಗೆ ತೆಳು ಬಟ್ಟೆಯಲ್ಲಿ ಸೋಸಿ ಬಾಟಲಿಗೆ ಹಾಕಿದರೆ ಈಸ್ಟರ್‌ಗೆ ಸರಿಯಾಗುತ್ತದೆ, ಮಿಕ್ಕದ್ದು ವರ್ಷಪೂರ್ತಿಗೂ ಬರುತ್ತದೆ. ಅವರದ್ದೊಂದು ಪದ್ಧತಿಯಿತ್ತು. ಸೋಸುವಾಗಲೂ ನಾಲಿಗೆಗೆ ಒಂದು ತೊಟ್ಟು ತಾಗಿಸುವವರಲ್ಲ. ಮೂಗಿಗೆ ಹಿಡಿದು, ಬಣ್ಣ ನೋಡಿ ಅಂದಾಜು ಮಾಡುವರು. ರುಚಿ ಗೊತ್ತಾಗುವುದು ಈಸ್ಟರ್ ದಿನ ಎಲ್ಲರ ಜೊತೆ ಮೊಣಕಾಲೂರಿದಾಗಲೇ. ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಸೊಸೆಗೆ ಒಂದು ಮಾತು ಹೇಳುವರು: ಈ ಸಲ ಚೂರು ಹುಳಿ, ಅಥವಾ ಈ ಸಲ ಲವಂಗ ಮುಂದೆ ಬಂತು. ಆ ಮಾತು ಕೇಳದ ಈಸ್ಟರ್ ಪ್ರೇಮಕ್ಕನಿಗೆ ಇರಲಿಲ್ಲ.

“ಅಲ್ಲ ಅತ್ತೆ, ಕುಡಿಯಲಿಕ್ಕೆ ನೀವು ಆಗಲ್ಲ, ಮಾಡ್ಲಿಕ್ಕೆ ಮಾತ್ರ ಆಗ್ತೀರಾ?” ಎಂದಳು.

“ಹಣ್ಣು ಒರೆಸು. ನೀರು ನಿಂತ್ರೆ ಬೂಷ್ಟು ಹಿಡೀತದೆ.”

“ನಾನು ಕೇಳಿದ್ದಕ್ಕೆ ಹೇಳಿ. ಅಂಗಡಿಯಿಂದ ತಂದ್ಕೊಳ್ಳಲಿ ಅವರು. ನಿಮಗೆಂತ ಬೇಗೆ?”

“ಇದೆಂತ ಅವರ ಮನೇದಾ ಮಾರಾಯ್ತಿ?” ಎಸ್ತೇರಮ್ಮ ಗೊಂಚಲಿನಿಂದ ಕೊಳೆತ ಹಣ್ಣು ಬೇರೆ ಮಾಡುತ್ತಿದ್ದರು. “ಎಷ್ಟು ಅಯ್ಯನವರು ಬಂದ್ರು, ಎಷ್ಟು ಹೋದ್ರು. ಇದು ಕರ್ತನ ಮೇಜಿಂದು. ನನಗೆ ಕೊಡದಿದ್ರೆ ಬೇಡ, ಉಳಿದವರಿಗೆ ಸಿಗ್ಬೇಕಲ್ಲ.”

ಆ ರಾತ್ರಿ ಊಟಕ್ಕೆ ಬಡಿಸುವಾಗ ಅರುಣನ ಹೆಂಡತಿ ರಮ್ಯ ಅಡುಗೆಮನೆಗೆ ಬಂದು ದನಿ ತಗ್ಗಿಸಿದಳು. ರಮ್ಯ ಆಸ್ಪತ್ರೆಯಲ್ಲಿ ನರ್ಸ್.

“ಅತ್ತೆ, ಅಜ್ಜಿಯ ಕಾಲು ನೋಡಿದ್ರಾ? ಮತ್ತೆ ಊದಿದೆ. ಮೊನ್ನೆ ಡಾಕ್ಟರು ಹಾರ್ಟ್ ಬಹಳ ವೀಕ್ ಇದೆ ಅಂದ್ರು. ಈ ಮಳೆಗಾಲ ದಾಟ್ತಾರೋ ಇಲ್ವೋ ಹೇಳಕ್ಕಾಗಲ್ಲ ಅಂದ್ರು.”

“ಅವರಿಗೆ ಗೊತ್ತುಂಟಾ?”

“ಗೊತ್ತಿಲ್ದೆ ಏನು. ನನ್ನನ್ನೇ ಕೇಳಿದ್ರು, ಈಸ್ಟರ್ ತನಕ ಇರ್ತೀನಾ ಕೂಸೇ ಅಂತ.”

ಪ್ರೇಮಕ್ಕ ಸಾರಿನ ಪಾತ್ರೆ ಕೆಳಗಿಟ್ಟಳು. ಈ ಈಸ್ಟರ್‌ಗೆ ಅತ್ತೆ ಕರ್ತನ ಭೋಜನ ತೆಗೆದುಕೊಳ್ಳಲೇಬೇಕು. ಮುಂದಿನ ಈಸ್ಟರ್ ಅವರಿಗೆ ಇಲ್ಲ. ಯಾರ ಕಾಲು ಹಿಡಿದಾದರೂ ಸರಿ ಎಂದು ಅಂದೇ ತೀರ್ಮಾನಿಸಿದಳು.

ಹಿಡಿಯಬೇಕಾದ ಮೊದಲ ಕಾಲು ಗಂಡನದು. ಅವನೋ ಪ್ರೊಜೆಕ್ಟರ್ ಗಲಾಟೆಯಲ್ಲಿದ್ದ. ಅಯ್ಯನವರು ಬೆಂಗಳೂರಿನಲ್ಲಿ ಏನೋ ತರಬೇತಿಗೆ ಹೋಗಿ ಬಂದು, ಈಸ್ಟರ್‌ಗೆ ಮುಂಚಿನ ಲೆಂಟ್ ಕಾಲ ಪೂರ್ತಿ ಒಂದೇ ವಿಷಯದ ಮೇಲೆ ಉಪದೇಶ ಎಂದು ಹೇಳಿದ್ದರು: ಆರೋಗ್ಯವಂತ ಸಭೆಯ ಲಕ್ಷಣಗಳು. ವಾರಕ್ಕೊಂದು ಲಕ್ಷಣ. ಅದನ್ನು ದೇವಾಲಯದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ತೋರಿಸಬೇಕು, ಪಕ್ಕದಲ್ಲಿ ಚಿತ್ರವೂ ಬೇಕು. ಶನಿವಾರ ಸಂಜೆ ಅರುಣ ಲ್ಯಾಪ್‌ಟಾಪ್ ಹಿಡಿದು ಊಟದ ಮೇಜಿನಲ್ಲಿ ಕೂತ, ಜಯಕರ ಹಿಂದೆ ನಿಂತು ಹೇಳಿಸಿದ.

“ಈ ವಾರದ್ದು ಎಂತದು?” ಅಕ್ಕಿ ರೊಟ್ಟಿ ತಟ್ಟುತ್ತಿದ್ದ ಪ್ರೇಮಕ್ಕ ಒಳಗಿಂದಲೇ ಕೇಳಿದಳು.

“ಕಷ್ಟದಲ್ಲಿ ಇರೋರ ಹತ್ರ ಹೋಗೋದು,” ಎಂದ ಅರುಣ. “ಅಪ್ಪ, ಚಿತ್ರ ಎಂತ ಹಾಕ್ಲಿ?”

“ಎರಡು ಕೈ ಹಿಡ್ಕೊಂಡಿರೋದು ಒಂದು ಹಾಕು.”

“ಯಾವ ಕೈ? ಶೃಂಗೇರಿ ಲಾಡ್ಜಲ್ಲಿ ಊಟಕ್ಕೆ ತೊಳ್ಕೊಂಡಿದ್ದಾ?”

“ಬಾಯಿ ಮುಚ್ಕೊಂಡು ಕೆಲಸ ಮಾಡು.”

ರಮ್ಯ ಡ್ಯೂಟಿಗೆ ಹೊರಟು ಡಬ್ಬಿಗೆ ರೊಟ್ಟಿ ಹಾಕಿಕೊಳ್ಳುತ್ತಿದ್ದಳು. “ಮಾವ, ನಮ್ಮ ಆಸ್ಪತ್ರೆಯಲ್ಲಿ ಆರೋಗ್ಯ ನೋಡ್ಬೇಕಾದ್ರೆ ಪೇಷಂಟಿನ ಬಿಪಿ ನೋಡ್ತೀವಿ. ಡಾಕ್ಟರ ಮೈಕ್ ಹೇಗಿದೆ ಅಂತ ನೋಡಲ್ಲ.”

“ನಿಮಗೆಲ್ಲ ತಮಾಷೆ,” ಜಯಕರನ ಮುಖ ಕೆಂಪಾಯಿತು. “ಸಭೆ ನಡೆಸೋದು ಅಂದ್ರೆ ಎಂತ ಅಂತ ಗೊತ್ತುಂಟಾ? ಒಂದು ಕ್ರಮ ಅಂತ ಇರ್ಬೇಕು. ಇವತ್ತು ನನ್ನ ತಾಯಿ ಅಂತ ಬಿಟ್ರೆ ನಾಳೆ ಯಾರ್ಯಾರೋ ಹೂಳ್ತಾರೆ, ಯಾರ್ಯಾರೋ ಮದುವೆ ಮಾಡಿಸ್ತಾರೆ.”

“ಹೂಳಲಿಕ್ಕೆ ಜನ ಸಾಲು ನಿಂತಿದ್ದಾರಾ?” ಪ್ರೇಮಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಆ ದಿನ ಸಾಲಲ್ಲಿ ಒಬ್ರೂ ಇರ್ಲಿಲ್ಲ. ನೀವೂ ಇರ್ಲಿಲ್ಲ. ನೋಡಿ, ಅತ್ತೆಗೆ ಹೆಚ್ಚು ದಿನ ಇಲ್ಲ. ನೀವು ಅಯ್ಯನವರ ಹತ್ರ ಒಂದು ಮಾತಾಡಿ.”

“ನಾನೇ ಒಪ್ಪಿ ತೀರ್ಮಾನ ಮಾಡಿ, ನಾನೇ ಹೋಗಿ ಬಿಡಿ ಅಂತ ಹೇಳ್ಲಾ? ಜನ ನಗ್ತಾರೆ.”

“ನಗ್ಲಿ. ಯಾರ ಹಲ್ಲು ಉದುರ್ತದೆ?”

ಅವನು ರೊಟ್ಟಿ ಮುಟ್ಟದೆ ಎದ್ದು ಹೋದ. ಅವಳು ಆ ರೊಟ್ಟಿಯನ್ನು ತಟ್ಟೆ ಮುಚ್ಚಿ ಇಟ್ಟಳು, ಮತ್ತೆ ಅವನು ಬಂದಾಗ ಬಿಸಿ ಮಾಡಿ ಕೊಟ್ಟಳು. ಕೊಡುವಾಗ ಗಂಡನ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟೇ ಹೆಚ್ಚಾಯಿತು.

ಮಾರನೆಯ ದಿನ ಅಯ್ಯನವರನ್ನೇ ಕೇಳಿದಳು. ಪ್ರಭುದಾಸ ಅಯ್ಯನವರು ಕೆಟ್ಟ ಮನುಷ್ಯ ಎಂದು ಹೇಳುವಂತಿದ್ದರೆ ಅವಳ ಕೆಲಸ ಸುಲಭವಿತ್ತು. ಹಾಗೆ ಹೇಳುವಂತಿರಲಿಲ್ಲ, ಅದೇ ಕಷ್ಟ. ಸ್ವರ ಒಳ್ಳೆಯದು. ಸೊಂಟ ನೋವಿಟ್ಟುಕೊಂಡು ಕೊಪ್ಪ, ಶೃಂಗೇರಿ, ಬಾಳೆಹೊನ್ನೂರು, ಜನ ಎನ್ನಾರ್ಪುರ ಎನ್ನುವ ನರಸಿಂಹರಾಜಪುರ ಎಲ್ಲವನ್ನೂ ಒಬ್ಬರೇ ಸುತ್ತುತ್ತಿದ್ದರು. ಉಂಡ ಮೇಲೆ ಕೈರುಚಿ ಎಂದರೆ ಪ್ರೇಮಕ್ಕನದು ಎಂದು ಹೇಳದೆ ಏಳುವವರಲ್ಲ. ಆದರೆ ಕಾರು ಹೋಗುವ ರಸ್ತೆಯ ಮನೆಗಳಿಗೆ ಮಾತ್ರ ಅವರ ಭೇಟಿ. ಗಿಡ್ಡಯ್ಯನ ಲೈನಿಗೆ ಹೋಗಲು ಜೀಪು ಬೇಕು, ಇಲ್ಲವೇ ನಡೆಯಬೇಕು. ಬಂದು ಮೂರು ವರ್ಷವಾದರೂ ಆ ಬಾಗಿಲನ್ನು ಅವರು ಕಂಡಿರಲಿಲ್ಲ.

“ಅಯ್ಯನವರೇ, ಅತ್ತೆಗೆ ಹುಷಾರಿಲ್ಲ,” ಸಾರು ಬಡಿಸುತ್ತಾ ಎಂದಳು. “ಈಸ್ಟರ್‌ಗೆ ಅವರಿಗೆ ಭೋಜನ ಕೊಡಿ.”

“ಕೊಡಬಾರದು ಅಂತ ನನಗೇನು ಆಸೆಯಾ ಪ್ರೇಮಕ್ಕ? ತಪ್ಪಾಯ್ತು ಅಂತ ಒಂದು ಮಾತು ಹೇಳಲಿ. ಒಂದು ನಿಮಿಷದ ಕೆಲಸ.”

“ಅವರಿಗೆ ಅದು ತಪ್ಪು ಅಂತ ಕಾಣದಿದ್ರೆ?”

ಅಯ್ಯನವರು ಉಣ್ಣುವುದನ್ನು ನಿಲ್ಲಿಸಿದರು. “ನೋಡಿ, ನಾಲ್ಕು ಊರಿಗೆ ನಾನೊಬ್ಬ. ಹೋದಲ್ಲೆಲ್ಲ ಬರಲಿಲ್ಲ, ಬರಲಿಲ್ಲ ಅನ್ನೋದೇ ಮಾತು. ಇಲ್ಲಿ ನಾನು ಬಗ್ಗಿದ್ರೆ ಅಯ್ಯನವರು ಬರ್ದಿದ್ರೂ ನಡೀತದೆ ಅಂತ ಆಗ್ತದೆ. ಮತ್ತೆ ನಾನು ಯಾಕೆ?”

“ಅವತ್ತು ನೀವು ಬಂದಿದ್ರೆ ಅತ್ತೆ ಯಾಕೆ ಓದ್ತಿದ್ರು? ತಡ ಮಾಡಿದವರು ಗಿಡ್ಡಯ್ಯನ ಹತ್ರ ಕ್ಷಮೆ ಏನಾದ್ರೂ...”

“ಪ್ರೇಮಾ,” ಜಯಕರ ತಲೆ ಎತ್ತಲಿಲ್ಲ. “ಸಾರು ತಣ್ಣಗಾಯ್ತು.”

ಸಾರು ತಣ್ಣಗಾಗಿರಲಿಲ್ಲ. ಆದರೂ ಪ್ರೇಮಕ್ಕ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ ಬಿಸಿ ಮಾಡಿ ತಂದಳು. ಅಷ್ಟು ಹೊತ್ತಿಗೆ ಮಾತು ಬೇರೆ ಕಡೆ ಹೋಗಿತ್ತು.

“ದ್ರಾಕ್ಷಾರಸ ಹೇಗಿದೆ ಈ ಸಲ?” ಎಂದು ಅಯ್ಯನವರು ಕೇಳುತ್ತಿದ್ದರು. “ಈಸ್ಟರ್‌ಗೆ ಜನ ಜಾಸ್ತಿ ಬರ್ತಾರೆ. ಸಾಕಾಗ್ಬೇಕು.”

ಕದದ ಆಚೆ ಎಸ್ತೇರಮ್ಮ ಕೆಮ್ಮಿದರು. ಮೇಜಿನಲ್ಲಿ ಯಾರೂ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಈಸ್ಟರ್‌ಗೆ ಮೊದಲಿನ ವಾರ ಗಿಡ್ಡಯ್ಯ ಎರಡು ಎಳೆ ಹಲಸಿನಕಾಯಿ ಹೊತ್ತುಕೊಂಡು ಬಂದ. ಬಂದವನು ಮೆಟ್ಟಿಲ ಮೇಲೆ ಕೂತ. ಕುರ್ಚಿಯಲ್ಲಿ ಕೂರದಿದ್ದರೆ ಕಾಫಿ ಇಲ್ಲ ಎಂದು ಎಸ್ತೇರಮ್ಮ ಗದರಿದ ಮೇಲೆ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತ. ಜಯಕರ ಅಲ್ಲೇ ಪೇಪರ್ ಬಿಡಿಸಿಕೊಂಡಿದ್ದ.

“ಅಮ್ಮಾ, ನಾನು ಎನ್ನಾರ್ಪುರಕ್ಕೆ ಅಯ್ಯನೋರ ಮನೆಗೆ ಹೋಗಿದ್ದೆ,” ಎಂದ ಗಿಡ್ಡಯ್ಯ. “ಹೆಣ ನಂದು, ಕಾಯಕ್ಕಾಗಲ್ಲ ಅಂದೋನೂ ನಾನು. ತಪ್ಪು ಅಂತ ಇದ್ರೆ ನಂದು, ನಾನೇ ಎಲ್ಲರೆದುರು ನಿಂತು ಹೇಳ್ತೀನಿ, ಅಮ್ಮನ್ನ ಬಿಡಿ ಅಂದೆ.”

“ಎಂತ ಅಂದ್ರು?” ಪ್ರೇಮಕ್ಕ ಕೇಳಿದಳು.

“ಹಂಗೆಲ್ಲ ಆಗಲ್ಲ, ಓದಿದೋರೇ ಹೇಳ್ಬೇಕು ಅಂದ್ರು.”

ಎಸ್ತೇರಮ್ಮ ಕಾಫಿ ಲೋಟವನ್ನು ಅವನ ಕಡೆ ಸರಿಸಿದರು. ಆಮೇಲೆ, “ಗಿಡ್ಡಯ್ಯ, ಆಸ್ಪತ್ರೆಗೆ ಹೋಗೋ ಮೊದ್ಲು ರಾಹೇಲ ನನಗೆ ಫೋನ್ ಮಾಡಿದ್ಲು. ಎಂತ ಕೇಳಿದ್ಲು ಗೊತ್ತಾ? ನಮ್ಮನ್ನ ಹೂಳುವಾಗ ಆದ್ರೂ ಯಾರಾದ್ರೂ ಬರ್ತಾರಾ ಅಮ್ಮಾ ಅಂದ್ಲು. ಬರ್ತಾರೆ ಅಂದೆ ನಾನು. ಬರಲ್ಲ ಅಂತ ಹೇಳಕ್ಕೆ ನನಗೆ ಬಾಯಿ ಬರ್ಲಿಲ್ಲ.” ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಹೇಳಿದ ಮಾತು ಉಳಿಸಿಕೊಂಡಿದ್ದು, ಅಷ್ಟೇ. ಅದಕ್ಕೆ ನಾನೂ ಕ್ಷಮೆ ಕೇಳಲ್ಲ, ನೀನೂ ಕೇಳ್ಬೇಡ. ಕಾಫಿ ಕುಡಿ.”

ಜಯಕರನ ಪೇಪರಿನ ಪುಟ ತಿರುಗಲಿಲ್ಲ. ಗಿಡ್ಡಯ್ಯ ಹೊರಟು ಹೋದ ಮೇಲೂ ಅವನು ಅದೇ ಪುಟ ಹಿಡಿದುಕೊಂಡಿದ್ದ.

ಶುಭ ಶುಕ್ರವಾರ ಸಂಜೆ ಮನೆಯಲ್ಲಿ ಗಂಜಿ, ಹುರಳಿ ಚಟ್ನಿ. ಅಂದು ಜಯಕರ ತಾಯಿಯ ಕೋಣೆಗೇ ತಟ್ಟೆ ಹಿಡಿದು ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತ. ಪ್ರೇಮಕ್ಕ ಉಪ್ಪಿನಕಾಯಿ ಹಿಡಿದು ಬಾಗಿಲಲ್ಲಿ ನಿಂತಳು.

“ಅಮ್ಮ, ನನಗೋಸ್ಕರ ಒಂದು ಸಲ ಹೇಳ್ಬಿಡು. ತಪ್ಪಾಯ್ತು ಅಂತ. ಮನಸ್ಸಲ್ಲಿ ಬೇಕಾದ್ದು ಇಟ್ಕೋ.”

“ಕರ್ತನ ಮೇಜಿನ ಎದುರು ಬಾಯಲ್ಲಿ ಒಂದು, ಮನಸ್ಸಲ್ಲಿ ಇನ್ನೊಂದು ಇಟ್ಕೊಳ್ಳಲಾ? ಇದನ್ನ ಯಾರು ಕಲಿಸಿದ್ದು ನಿನಗೆ? ನಾನಂತೂ ಅಲ್ಲ.”

“ನೀನು ಹೀಗೆ ಹಟ ಮಾಡ್ತಾ ಹೋಗ್ಬಿಟ್ರೆ ನನಗೆಂತ ಉಳೀತದೆ ಅಮ್ಮ?”

“ಕುರ್ಚಿ ಉಳೀತದೆ.”

ಹೇಳಿದ ಮೇಲೆ ಎಸ್ತೇರಮ್ಮನಿಗೇ ಅದು ಹೆಚ್ಚಾಯಿತು ಎನ್ನಿಸಿರಬೇಕು. ಗಂಜಿ ಉಣ್ಣು ಮಗಾ, ಆರಿ ಹೋಗ್ತದೆ ಎಂದರು. ಜಯಕರ ಉಣ್ಣಲಿಲ್ಲ. ತಟ್ಟೆ ಅಲ್ಲೇ ಬಿಟ್ಟು ಹಿತ್ತಲಿಗೆ ಹೋಗಿ ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡು ಮುಖ ತೊಳೆದ.

ಪ್ರೇಮಕ್ಕನಿಗೆ ಸಾಕುಸಾಕಾಗಿತ್ತು. ಅಯ್ಯನವರಿಗೆ ತಮ್ಮ ಮಾತು ನಡೆಯಬೇಕು, ಗಂಡನಿಗೆ ಜನ ನಗಬಾರದು, ಅತ್ತೆಗೆ ಸುಳ್ಳು ಹೇಳಬಾರದು. ಹಿಡಿಯಬೇಕಾದ ಕಾಲೆಲ್ಲ ಹಿಡಿದಾಗಿತ್ತು. ಶನಿವಾರ ಜಯಕರ ಭೋಜನದ ಬಟ್ಟಲುಗಳ ಪೆಟ್ಟಿಗೆ ತಂದು ಅಡುಗೆಮನೆಯಲ್ಲಿಟ್ಟ. ಅವನ್ನು ಬಿಸಿನೀರಲ್ಲಿ ಕುದಿಸಿ ಒರೆಸುವ ಕೆಲಸವೂ ಇವಳದೇ. ಮೊದಲು ದೊಡ್ಡ ಬೆಳ್ಳಿ ಬಟ್ಟಲು ಒಂದೇ ಇತ್ತು. ಅಯ್ಯನವರು ಎರಡೂ ಕೈಯಲ್ಲಿ ಹಿಡಿದು ಒಬ್ಬೊಬ್ಬರ ತುಟಿಗೆ ತಾಗಿಸುತ್ತಿದ್ದರು. ಕೊರೊನಾ ಬಂದ ಮೇಲೆ ಅದು ಬೇಡವೆಂದು ಸಣ್ಣ ಸಣ್ಣ ಸ್ಟೀಲ್ ಬಟ್ಟಲು ತರಿಸಿದರು, ಅವನ್ನು ನಿಲ್ಲಿಸಲು ತೂತುಗಳಿರುವ ಒಂದು ತಟ್ಟೆಯೂ ಬಂತು. ಬಟ್ಟಲು ಕೈಗೆ ತೆಗೆದುಕೊಂಡು, ಅಲ್ಲೇ ಕುಡಿದು, ಹಿಂದೆ ಬರುವ ಸಭಾ ಹಿರಿಯರ ತಟ್ಟೆಯಲ್ಲಿ ಇಡಬೇಕು. ಪ್ರೇಮಕ್ಕ ಒಂದೊಂದನ್ನೇ ಒರೆಸಿ ಬೋರಲು ಹಾಕಿದಳು. ಒಂದನ್ನು ಅಂಗೈಯಲ್ಲಿಟ್ಟು ಬೆರಳು ಮಡಚಿ ನೋಡಿದಳು. ಕಾಣಲೇ ಇಲ್ಲ.

ಈಸ್ಟರ್ ದಿನ ದೇವಾಲಯ ತುಂಬಿತ್ತು. ಗೋಡೆಯ ಮೇಲೆ ಕೊನೆಯ ಲಕ್ಷಣ, ಪ್ರೀತಿ ಎಂದು, ಅರುಣ ಹಾಕಿದ ಗುಲಾಬಿ ಹೂವಿನ ಪಕ್ಕ ಮಿನುಗುತ್ತಿತ್ತು. ಅಯ್ಯನವರು ಚೆನ್ನಾಗಿಯೇ ಮಾತಾಡಿದರು. ಎಸ್ತೇರಮ್ಮ ಬಿಳಿ ಸೀರೆ ಉಟ್ಟು ಹಿಂದಿನ ಬೆಂಚಿನಲ್ಲಿ, ಲೈನಿನವರ ಜೊತೆ, ಊದಿದ ಕಾಲು ನೀಡಿ ಕೂತಿದ್ದರು. ಅವರು ಮಾಡಿದ ರಸ ಮುಂದಿನ ಮೇಜಿನ ಮೇಲೆ ಬಿಳಿ ಬಟ್ಟೆಯ ಅಡಿಯಲ್ಲಿತ್ತು.

ಭೋಜನ ಶುರುವಾಯಿತು. ಸಾಲುಸಾಲಾಗಿ ಜನ ಎದ್ದು ಹೋದರು. ಹಿಂದಿನ ಬೆಂಚಿನಿಂದ ಗಿಡ್ಡಯ್ಯ ಎದ್ದವನು ಎಸ್ತೇರಮ್ಮನ ಮುಖ ನೋಡಿ ಹಾಗೇ ನಿಂತ. ಹೋಗು ಎಂದು ಅವರು ಅವನ ಬೆನ್ನಿಗೆ ಕೈ ಹಚ್ಚಿ ಕಳಿಸಿದರು. ಪ್ರೇಮಕ್ಕ ಕೊನೆಯ ಸಾಲಿಗೆ ಹೋಗಿ ಮೊಣಕಾಲೂರಿದಳು. ರೊಟ್ಟಿಯ ಚೂರನ್ನು ಅರ್ಧ ಮಾಡಿ ಒಂದನ್ನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಅಂಗೈಯಲ್ಲಿ ಉಳಿಸಿಕೊಂಡಳು. ಅಯ್ಯನವರು ಬಟ್ಟಲು ಕೊಟ್ಟರು. ತೆಗೆದುಕೊಂಡಳು. ಕುಡಿಯಲಿಲ್ಲ.

ಹಿಂದಿನಿಂದ ಜಯಕರ ತಟ್ಟೆ ಹಿಡಿದು ಬಂದು ನಿಂತ. “ಬಟ್ಟಲು,” ಎಂದ ಮೆಲ್ಲಗೆ.

ಪ್ರೇಮಕ್ಕ ಎದ್ದಳು.

“ಪ್ರೇಮಾ, ಬಟ್ಟಲು ಇಡು.”

ಅವಳು ಇಡಲಿಲ್ಲ. ತಿರುಗಿ ನಡುದಾರಿಯಲ್ಲಿ ನಡೆದಳು. ಚೆಲ್ಲಿ ಹೋದರೆ ಎಂದು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಳು. ಹಾಡುತ್ತಿದ್ದವರ ಸ್ವರ ಒಂದೊಂದಾಗಿ ನಿಂತಿತು, ಕೀಬೋರ್ಡ್ ಮಾತ್ರ ನುಡಿಯುತ್ತಿತ್ತು. ಪ್ರೇಮಕ್ಕ ಎಂದು ಅಯ್ಯನವರು ಕರೆದದ್ದು ಮೈಕಿನಲ್ಲಿ ಇಡೀ ದೇವಾಲಯಕ್ಕೆ ಕೇಳಿಸಿತು. ಅವಳು ಹಿಂದಿನ ಬೆಂಚಿನ ತನಕ ಹೋಗಿ, ಅತ್ತೆಯ ಮುಂದೆ ನೆಲದ ಮೇಲೆ ಮೊಣಕಾಲೂರಿ, ರೊಟ್ಟಿಯ ಚೂರನ್ನೂ ಬಟ್ಟಲನ್ನೂ ಚಾಚಿದಳು.

ಎಸ್ತೇರಮ್ಮ ಬಟ್ಟಲು ನೋಡಿದರು, ಸೊಸೆಯ ಮುಖ ನೋಡಿದರು.

“ಇದು ನಿಂದು ಮಾರಾಯ್ತಿ.”

“ನಂದೇ. ನಿಮಗೆ ಕೊಡ್ತಿದ್ದೀನಿ.”

ಎಸ್ತೇರಮ್ಮ ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ರೊಟ್ಟಿ ಬಾಯಿಗೆ ಹಾಕಿಕೊಂಡರು. ಹೆಬ್ಬೆರಳಷ್ಟೂ ಇಲ್ಲದ ಆ ಬಟ್ಟಲಿನಲ್ಲಿ ಅರ್ಧವನ್ನು ಕುಡಿದು, ಉಳಿದ ಅರ್ಧವನ್ನು ಸೊಸೆಯ ಕೈಗೆ ವಾಪಸು ಇಟ್ಟರು. ಪ್ರೇಮಕ್ಕ ಅದನ್ನು ಕುಡಿದು ಅಲ್ಲೇ ಅತ್ತೆಯ ಪಕ್ಕ ಕೂತಳು.

ಆ ಭಾನುವಾರ ಅವಳು ಕೊನೆಯ ಕೀರ್ತನೆಗೆ ಎದ್ದು ಓಡಲಿಲ್ಲ. ಆಶೀರ್ವಾದವನ್ನು ಪೂರ್ತಿ ಕೇಳಿದಳು. ಅಯ್ಯನವರು ಅದನ್ನು ಬಹಳ ಬೇಗ ಮುಗಿಸಿದರು.

ಮನೆಯಲ್ಲಿ ಬೆಳಿಗ್ಗೆಯೇ ಮಾಡಿಟ್ಟ ಕೋಳಿ ಸಾರು, ರಮ್ಯ ಬಂದು ಬೇಯಲಿಟ್ಟ ಕಡುಬು. ಊಟದ ಮೇಜಿನ ತುದಿಯಲ್ಲಿ ಅಯ್ಯನವರು ಕೂರುವ ಕುರ್ಚಿ ಖಾಲಿ. ಜಯಕರ ತಡವಾಗಿ ಬಂದ, ಭೋಜನದ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದ. ಒಂದು ತೂತು ಬಟ್ಟಲಿಲ್ಲದೆ ಕಾಣುತ್ತಿತ್ತು.

“ಅಯ್ಯನವರು ಊಟಕ್ಕೆ ಬರಲ್ಲ,” ಎಂದ. “ಇನ್ನು ನಿನಗೂ ಭೋಜನ ಇಲ್ಲ. ಕ್ಷಮೆ ಕೇಳುವ ತನಕ.”

“ಆಯ್ತು.”

“ಎಂತ ಆಯ್ತು? ಎಲ್ಲರ ಎದುರು ನನ್ನ ಮಾನ ತೆಗೆದೆಯಲ್ಲ.”

“ಹೌದು, ತೆಗೆದೆ,” ಪ್ರೇಮಕ್ಕ ಸೆರಗಿನ ತುದಿಯ ಗಂಟು ಬಿಚ್ಚಿ ಬಟ್ಟಲನ್ನು ಖಾಲಿ ತೂತಿನಲ್ಲಿಟ್ಟಳು. “ನಿಮ್ಮನ್ನ ಎಷ್ಟು ಸಲ ಕೇಳಿದೆ ನಾನು? ಅವರನ್ನೂ ಕೇಳಿದೆ. ಕೇಳಿ ಕೇಳಿ ನನ್ನ ಬಾಯಿ ಸೋತೋಯ್ತು.”

“ಮುಂದಿನ ತಿಂಗಳು ಮೊದಲ ಭಾನುವಾರ ನನಗೆ ರಜೆ ಉಂಟು ಅತ್ತೆ,” ರಮ್ಯ ಕಡುಬಿನ ಪಾತ್ರೆ ತಂದಿಟ್ಟಳು. “ನನ್ನ ಬಟ್ಟಲನ್ನ ಮೂರು ಪಾಲು ಮಾಡುವ.”

ಜಯಕರ ತನ್ನ ಕುರ್ಚಿ ಎಳೆದು ಕೂತ. ಕೋಣೆಯ ಕದ ತೆರೆದು ಎಸ್ತೇರಮ್ಮ ಗೋಡೆ ಹಿಡಿದುಕೊಂಡು ಬಂದರು. ಭಾನುವಾರ ಮಧ್ಯಾಹ್ನ ಅವರು ಆ ಮೇಜಿಗೆ ಬಂದು ತಿಂಗಳುಗಳಾಗಿದ್ದವು. ಬಂದವರು ತುದಿಯ ಖಾಲಿ ಕುರ್ಚಿಯನ್ನು ಎಳೆದು ಕೂತರು. ಪ್ರೇಮಕ್ಕ ಮೊದಲು ಅವರಿಗೇ ಬಡಿಸಿದಳು.

ಎಲ್ಲರೂ ಉಣ್ಣತೊಡಗಿದರು.

“ಹೇಗಿತ್ತಮ್ಮ?” ಜಯಕರ ತಟ್ಟೆ ನೋಡುತ್ತಲೇ ಕೇಳಿದ.

“ಎಂತದು?”

“ರಸ.”

“ಸಕ್ಕರೆ ಹೆಚ್ಚಾಯ್ತು ಈ ಸಲ,” ಎಂದರು ಎಸ್ತೇರಮ್ಮ, ಸೊಸೆಯ ಕಡೆ ತಿರುಗಿ. ಆಮೇಲೆ ಮಗನನ್ನು ನೋಡಿ, “ಯಾಕೆ, ನಿನಗೆ ಗೊತ್ತಾಗ್ಲಿಲ್ವಾ?”

ಸಭಾ ಹಿರಿಯರು ತೆಗೆದುಕೊಳ್ಳುವುದು ಎಲ್ಲರದೂ ಮುಗಿದ ಮೇಲೆ, ಕೊನೆಗೆ.

“ನಾನು ಇವತ್ತು ತಗೊಳ್ಳಲಿಲ್ಲ,” ಎಂದ ಜಯಕರ.

ಪ್ರೇಮಕ್ಕ ಪಾತ್ರೆಯನ್ನು ಅವನ ಹತ್ತಿರ ತಂದು ಇನ್ನೊಂದು ಕಡುಬು ಹಾಕಿದಳು. ಅವನು ಬೇಡ ಎನ್ನಲಿಲ್ಲ.